ಆಮೆ ಅಂಗಡಿ ಮುಚ್ಚಬಾರದು

ಒಂಬತ್ತನೇ ನಂಬರಿನ ಬಸ್ಸಿನ ಕಂಡಕ್ಟರಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಡಿಪೋದ ರಿಜಿಸ್ಟರಿನಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳಿಗೂ ಪ್ರಯಾಣಿಕರಿಗೂ ಆಕೆ ಗಂಟಲಕ್ಕ. ಬಸ್ಸು ಇನ್ನೂ ತಿರುವಿನ ಆಚೆ ಇರುವಾಗಲೇ "ಆಸ್ಪತ್ರೆ, ಮಾರ್ಕೆಟ್ಟು, ರೈಲ್ವೆ ಸ್ಟೇಷನ್ನು, ಬನ್ನಿ ಬನ್ನಿ!" ಎಂಬ ಕೂಗು ಸ್ಟಾಪಿಗೆ ಬಂದು ತಲುಪುತ್ತಿತ್ತು, ಬಸ್ಸು ಆಮೇಲೆ ಬರುತ್ತಿತ್ತು. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ಸರಿಸಲು ಬೇರೆ ಕಂಡಕ್ಟರುಗಳು ಕೈ ಬಳಸುತ್ತಿದ್ದರು. ಈಕೆಗೆ ಗಂಟಲೊಂದೇ ಸಾಕಿತ್ತು. ಹದಿನಾಲ್ಕು ವರ್ಷದಲ್ಲಿ ಆ ಗಂಟಲು ಒಂದು ದಿನವೂ ರಜೆ ಕೇಳಿರಲಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಆಕೆಯಲ್ಲಿ ಒಂದೇ ಇತ್ತು, ಹಟ.

ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ, ಎರಡೇ ಕೋಣೆ. ಗಂಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವನು. ಮಧ್ಯಾಹ್ನ ಹೋದರೆ ರೋಗಿಗಳ ರಾತ್ರಿಯೂಟ ಮುಗಿಸಿ, ಹಂಡೆ ತೊಳೆಸಿಟ್ಟು, ಮಗಳು ಮಲಗಿ ಎಷ್ಟೋ ಹೊತ್ತಾದ ಮೇಲೆ ಬರುವವನು. ಅತ್ತೆ ಜೊತೆಗೇ ಇದ್ದಳು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಮಾತು ಮಾತ್ರ ಧಾರಾಳವಾಗಿ ಬರುತ್ತಿತ್ತು. ಅತ್ತೆ ಸೊಸೆ ಜಗಳಕ್ಕೆ ನಿಂತರೆ ಕೆಳಗಿನ ಮಹಡಿಯವರು ಎರಡೂ ಪಕ್ಷದ ವಾದವನ್ನು ಸ್ಪಷ್ಟವಾಗಿ ಕೇಳಿ ತೀರ್ಪು ಕೊಡಬಹುದಿತ್ತು. ಇವರ ನಡುವೆ ಎರಡು ವರ್ಷದ ಮಗಳು. ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದರಿಂದ ಮನೆಯವರೆಲ್ಲ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು.

ಮಗಳಿಗೆ ಪುಸ್ತಕದ ರುಚಿ ಹತ್ತಿಸಬೇಕೆಂಬ ಆಸೆ ಗಂಟಲಕ್ಕನಿಗೆ ಹುಟ್ಟಿದ್ದು ಬಸ್ಸಿನಲ್ಲೇ. ಒಂದು ಸಂಜೆ ಸೇತುವೆಯ ಮೇಲೆ ವಾಹನಗಳು ಸಿಕ್ಕಿಹಾಕಿಕೊಂಡು ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಸೆಕೆಗೆ ದೊಡ್ಡವರೇ ಬುಸುಗುಟ್ಟುತ್ತಿದ್ದರು, ಮಕ್ಕಳ ರಂಪಾಟವನ್ನಂತೂ ಕೇಳಬೇಡಿ. ಕಿಟಕಿಯ ಪಕ್ಕದ ಒಂದು ಮಗು ಮಾತ್ರ ಅಮ್ಮನ ತೊಡೆಯ ಮೇಲೆ ಪುಸ್ತಕ ಹರಡಿಕೊಂಡು, ತನಗೂ ಸೇತುವೆಗೂ ಸಂಬಂಧವೇ ಇಲ್ಲವೆಂಬಂತೆ ಕೂತಿತ್ತು. ಗಂಟಲಕ್ಕ ಟಿಕೆಟ್ ಹರಿಯುವುದನ್ನು ಮರೆತು ನೋಡಿದಳು. ಬಸ್ಸಿನಿಂದ ಇಳಿಯದೇನೇ ಬೇರೆಲ್ಲಿಗೋ ಹೋಗಿಬಿಟ್ಟಿದೆಯಲ್ಲ ಇದು, ಅಂದುಕೊಂಡಳು. ಅವಳಿಗೆ ಓದು ಎಂದರೆ ಡ್ಯೂಟಿ ಚಾರ್ಟು, ಮೇಲಧಿಕಾರಿಗಳ ನೋಟೀಸು. ಆ ಕಬ್ಬಿಣದ ಕಡಲೆಯಾಚೆ ಇಂಥದ್ದೊಂದು ಇದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ನನ್ನ ಬುಗುರಿಗೂ ಇದು ಬೇಕು ಎಂದು ಅಲ್ಲೇ ನಿಶ್ಚಯ ಮಾಡಿದಳು.

ಪುಸ್ತಕವೂ ಬಸ್ಸಿನಲ್ಲೇ ಸಿಕ್ಕಿತು. ಯಾರೋ ಹಿಂದಿನ ಸೀಟಿನಡಿ ಬಿಟ್ಟುಹೋಗಿದ್ದರು. ಡಿಪೋದಲ್ಲಿ ಮರೆತ ಸಾಮಾನಿಗೆಂದೇ ಒಂದು ಕೋಣೆಯಿದೆ; ಮೂರು ತಿಂಗಳಾದರೂ ಯಾರೂ ಕೇಳಿಕೊಂಡು ಬರದಿದ್ದರೆ ಸಾಮಾನು ಸಿಕ್ಕಿದವರಿಗೇ ಸೇರುತ್ತದೆ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಆ ಪುಸ್ತಕ ಮೂರು ತಿಂಗಳು ಕೂತಿತು. ಗಂಟಲಕ್ಕ ದಿನಾ ಡ್ಯೂಟಿ ಮುಗಿಸಿ ಇಣುಕಿ ನೋಡುವಳು. ಕೋಣೆಯ ಗುಮಾಸ್ತ ನಗುವನು: "ಚಿನ್ನದ ಸರ ಸಿಕ್ಕಾಗಲೂ ನೀವು ಹೀಗೆ ಬಂದು ನೋಡ್ಲಿಲ್ಲ!"

ಹನ್ನೆರಡು ದಪ್ಪ ಹಾಳೆಗಳ ಪುಸ್ತಕ. ಆಮೆಯೊಂದು ಅಂಗಡಿ ತೆರೆಯುತ್ತದೆ. ಒಂಟೆ ಬಂದು "ಕಾಲುಚೀಲ ಇದೆಯಾ?" ಎನ್ನುತ್ತದೆ. "ಇಲ್ಲ." ಕೋಳಿಗೆ ಕನ್ನಡಕ ಬೇಕು. ಇಲ್ಲ. ಆನೆಗೆ ಹಲ್ಲುಜ್ಜುವ ಬ್ರಷ್ಷು, ಮೀನಿಗೆ ಕೊಡೆ, ಅದೂ ಇಲ್ಲ. ಕೊನೆಗೆ ಬಂದ ಇರುವೆ "ಸುಸ್ತಾಗಿದೆ, ಕೂರೋಕೆ ಜಾಗ ಇದೆಯಾ?" ಎಂದಾಗ ಆಮೆ "ಇದೆ!" ಎಂದು ಬೆನ್ನು ಕೊಡುತ್ತದೆ. ಕತೆ ಇಷ್ಟೇ.

ಮೊದಲ ರಾತ್ರಿಯೇ ಎಡವಟ್ಟಾಯಿತು. ಗಂಟಲಕ್ಕನಿಗೆ ಗೊತ್ತಿದ್ದದ್ದು ಒಂದೇ ದನಿ. "ಒಂಟೆ ಬಂತು!" ಎಂದು ಶುರುಮಾಡಿದ ಏಟಿಗೆ ಮಗು ಬೆಚ್ಚಿ ಕಿಟಾರನೆ ಕಿರುಚಿತು. ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಯಾರಿಗೇನಾಯಿತೋ ಎಂದು ಗೋಡೆ ಕುಟ್ಟಿದರು. ದನಿ ತಗ್ಗಿಸುವುದನ್ನು ಕಲಿಯಲು ಅವಳಿಗೆ ಒಂದು ವಾರ ಹಿಡಿಯಿತು. ದನಿ ತಗ್ಗಿದರೂ ಬುಗುರಿ ತಗ್ಗಲಿಲ್ಲ. ಕಂಡಕ್ಟರಿಗೆ ರೂಟು ಅಂದರೆ ರೂಟು: ಮೊದಲ ಸ್ಟಾಪಿನಿಂದ ಹೊರಟು, ಒಂದನ್ನೂ ಬಿಡದೆ, ಕೊನೆಯ ಸ್ಟಾಪು ಮುಟ್ಟಬೇಕು. ಮಗು ಎರಡನೇ ಹಾಳೆಯಿಂದ ಒಂಬತ್ತಕ್ಕೆ ಹಾರಲು ಕೈಹಾಕಿದರೆ ಇವಳು ಆ ಪುಟ್ಟ ಕೈ ಹಿಡಿದು, "ಆನೆ ಸ್ಟಾಪು ಇನ್ನೂ ಬಂದಿಲ್ಲ, ಕೂತ್ಕೋ" ಎನ್ನುವಳು. ಮಗು ತೊಡೆಯಿಂದ ಜಾರಿ ಇಳಿದು ಓಡುವುದು. ಇಲ್ಲವೇ ಪುಸ್ತಕವನ್ನು ಬಾಯಿಗೆ ಹಾಕುವುದು. ಆಮೆಯ ತಲೆ ಅರ್ಧ ಸವೆದುಹೋಯಿತು.

"ನಿನ್ನ ಮಗಳು ಪುಸ್ತಕ ಓದಲ್ಲಮ್ಮ, ಜೀರ್ಣ ಮಾಡ್ಕೋತಾಳೆ," ಎಂದಳು ಅತ್ತೆ. "ಇನ್ನೂ ಹಲ್ಲು ಪೂರ್ತಿ ಬಂದಿಲ್ಲ, ಇವಳಿಗೆ ವಿದ್ಯಾಭ್ಯಾಸ!"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಅತ್ತೆ?"

"ಗಿಡ ಅಲ್ಲ ಕಣೆ, ಇದಿನ್ನೂ ಮೊಳಕೆ. ಬಗ್ಗಿಸಿದ್ರೆ ಮುರಿಯುತ್ತೆ."

ಆ ಮಾತು ಚುಚ್ಚಿತು. ಚುಚ್ಚಿದ್ದು ಅತ್ತೆಯ ಮಾತಿನಲ್ಲಿ ಸ್ವಲ್ಪ ನಿಜವೂ ಇದ್ದದ್ದಕ್ಕೆ. ಒಂದು ರಜೆಯ ದಿನ ಗಂಟಲಕ್ಕ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಬುಗುರಿ ಒಬ್ಬಳೇ ಪುಸ್ತಕದ ಜೊತೆ ಕೂತಿದ್ದಳು. ಪುಸ್ತಕ ತಲೆಕೆಳಗಾಗಿತ್ತು. ಹಿಂದಿನಿಂದ ಮುಂದಕ್ಕೆ ಮೂರು ಹಾಳೆ ಹೋದಳು, ಕೋಳಿಯ ಹತ್ತಿರ ಐದು ನಿಮಿಷ ನಿಂತಳು, ಕೋಳಿಗೆ ಮುತ್ತು ಕೊಟ್ಟಳು, ಮತ್ತೆ ಹಿಂದಕ್ಕೆ ಹೋದಳು. ಬಸ್ಸು ನನ್ನದು ಅಂದುಕೊಂಡಿದ್ದೆನಲ್ಲ, ಬಸ್ಸು ಅವಳದು, ನಾನು ಬರೀ ಟಿಕೆಟ್ ಹರಿಯುವವಳು ಎಂದು ಗಂಟಲಕ್ಕನಿಗೆ ಹೊಳೆದದ್ದು ಆಗ. ಅವತ್ತು ರಾತ್ರಿ ಮಗು ಎಲ್ಲಿ ಹತ್ತಿತೋ ಅಲ್ಲಿಂದ ಓದಿದಳು, ಎಲ್ಲಿ ಇಳಿಯಿತೋ ಅಲ್ಲಿಗೆ ಬಿಟ್ಟಳು. ಕೋಳಿಯನ್ನೇ ಎಂಟು ಸಲ ಓದಿದಳು. ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ರಾತ್ರಿ ಇವಳು "ಕನ್ನಡಕ ಇದೆಯಾ?" ಎಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ತೊಡೆಯ ಮೇಲಿನಿಂದ "ಇಲ್ಲ!" ಎಂಬ ಗರ್ಜನೆ ಬಂತು. ಎರಡು ವರ್ಷದ ಮಕ್ಕಳಿಗೆ ಲೋಕದಲ್ಲೇ ಇಷ್ಟವಾದ ಮಾತು ಅದು. ಅದನ್ನೇ ಹೇಳು ಹೇಳು ಎನ್ನುವ ಪುಸ್ತಕ ಸಿಕ್ಕರೆ ಬಿಡುತ್ತವೆಯೇ? ಗಂಟಲಕ್ಕ ಮಗಳನ್ನು ಎತ್ತಿ ಕುಣಿಸಿಬಿಟ್ಟಳು.

ಅಲ್ಲಿಂದ ರಾತ್ರಿ ಎಂಟು ಎಂದರೆ ಆಮೆ ಅಂಗಡಿ. ಅದಕ್ಕಾಗಿ ಅವಳು ಸಂಜೆಯ ಪಾಳಿ ಬಿಟ್ಟು, ಎಲ್ಲರೂ ಬೇಡವೆನ್ನುವ ಬೆಳಗಿನ ಐದರ ಪಾಳಿ ಕೇಳಿ ಪಡೆದಳು. "ನಿಮ್ಮ ಮಗು ಎಂಟಕ್ಕೆ ಮಲಗುತ್ತೆ ಅಂತ ನಾನು ನಾಲ್ಕಕ್ಕೆ ಏಳಬೇಕಾ?" ಎಂದು ಜೊತೆಯ ಡ್ರೈವರು ಗೊಣಗಿದ. ಏಳು ತಿಂಗಳು ಒಂದು ರಾತ್ರಿಯೂ ತಪ್ಪಲಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿಯೂ, ಕರೆಂಟು ಹೋದ ರಾತ್ರಿಯೂ.

ಎಂಟನೇ ತಿಂಗಳು ಗಂಟಲು ಕೈಕೊಟ್ಟಿತು. ಮೊದಲು ಒಡಕಲಾಯಿತು, ಆಮೇಲೆ ಮಧ್ಯಾಹ್ನದ ಹೊತ್ತಿಗೆ ಬರೀ ಗಾಳಿ ಬರತೊಡಗಿತು. ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿ, "ಕೂಗಿ ಕೂಗಿ ಗಂಟು ಕಟ್ಟಿದೆ," ಎಂದರು. "ಮೂವತ್ತು ದಿನ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಮಾತು ಇನ್ನೂ ಕೆಟ್ಟದ್ದು, ಅದೂ ಬೇಡ."

ಆಡಿದರೆ, ಎಂದು ಅವಳು ಚೀಟಿಯಲ್ಲಿ ಬರೆದಳು.

"ಆಡಿದ್ರೆ ಆಪರೇಷನ್ನು. ಆಮೇಲೆ ದನಿ ಬಂದ್ರೆ ಬಂತು. ಬರದೇ ಇದ್ರೆ ನನ್ನ ಕೇಳಬೇಡಿ."

ಡಿಪೋ ರಜೆ ಕೊಟ್ಟಿತು. ಮನೆಯಲ್ಲಿ ಇನ್ನೊಂದು ಫಜೀತಿ: ಸೊಸೆಗೆ ಮಾತಿಲ್ಲ, ಬರೆದು ತೋರಿಸಿದರೆ ಅತ್ತೆಗೆ ಅಕ್ಷರವಿಲ್ಲ. ಕೊನೆಗೆ ಸೊಸೆ ಚಮಚ ತೆಗೆದುಕೊಂಡು ತಟ್ಟೆಗೆ ಬಡಿಯಲು ಶುರುಮಾಡಿದಳು. ಬಸ್ಸಿನ ಗಂಟೆಯ ಲೆಕ್ಕವೇ: ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಅತ್ತೆಗೆ ಖುಷಿಯೋ ಖುಷಿ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈ ಮೂವತ್ತು ದಿನ ನಂದು!" ಎಂದು ಹತ್ತು ವರ್ಷದ ಹಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು ಆಡಿ ಮುಗಿಸಿದಳು. ಗಂಟಲಕ್ಕ ಒಂದೇ ಸಮನೆ ಒಂದು ಬಡಿಯುತ್ತಿದ್ದಳು. ಆ ಬಸ್ಸು ನಿಲ್ಲುವಂಥದ್ದಲ್ಲ.

ಅತ್ತೆಯ ಮಾತನ್ನು ನುಂಗಬಹುದಿತ್ತು. ನುಂಗಲಾಗದ್ದು ಎಂಟು ಗಂಟೆ. ಮೊದಲ ರಾತ್ರಿ ಬುಗುರಿ ಪುಸ್ತಕ ತಂದು ತೊಡೆಯೇರಿ "ಅಮ್ಮ, ಓದು" ಎಂದಳು. ಗಂಟಲಕ್ಕ ಹಾಳೆ ತಿರುವಿದಳು, ಬೆರಳಿಟ್ಟು ಒಂಟೆ ತೋರಿಸಿದಳು, ಕಣ್ಣರಳಿಸಿದಳು. ಮಗು ಅಮ್ಮನ ಬಾಯಿಯನ್ನೇ ನೋಡಿತು. "ಓದು!" ಅಂದಿತು. ಆಮೇಲೆ ಅಮ್ಮನ ತುಟಿಗಳನ್ನು ಎರಡು ಬೆರಳಲ್ಲಿ ಹಿಡಿದು ಬಿಡಿಸಲು ನೋಡಿತು. ಕೊನೆಗೆ ಪುಸ್ತಕ ಗೋಡೆಗೆ ಬಿತ್ತು. ಎರಡನೆಯ ರಾತ್ರಿಯೂ ಅದೇ ಕತೆ. ಮೂರನೆಯ ರಾತ್ರಿ ಎಂಟಾದರೂ ಮಗು ಪುಸ್ತಕ ತರಲೇ ಇಲ್ಲ. ಅಜ್ಜಿಯ ಪಕ್ಕ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಬೆರಳು ಚೀಪುತ್ತ ಮಲಗಿಬಿಟ್ಟಿತು.

"ಬಿಡು, ಒಂದು ತಿಂಗಳಾದ ಮೇಲೆ ನೀನೇ ಓದು. ಪುಸ್ತಕ ಏನು ಕಾಲು ಬಂದು ಓಡಿಹೋಗುತ್ತಾ?" ಎಂದಳು ಅತ್ತೆ.

ಗಂಟಲಕ್ಕನಿಗೆ ಗೊತ್ತಿತ್ತು. ಮೂರು ದಿನ ಸ್ಟಾಪಿನಲ್ಲಿ ಕಾದು ಬಸ್ಸು ಸಿಗದವರು ನಾಲ್ಕನೆಯ ದಿನ ಆ ಸ್ಟಾಪಿಗೆ ಬರುವುದಿಲ್ಲ, ಬೇರೆ ದಾರಿ ನೋಡಿಕೊಳ್ಳುತ್ತಾರೆ. ಅದರಲ್ಲೂ ಎರಡು ವರ್ಷದ ಮಗುವಿಗೆ ಮೂವತ್ತು ದಿನವೆಂದರೆ ಒಂದು ಯುಗ. ಕಷ್ಟಪಟ್ಟು ಹತ್ತಿಸಿದ ರುಚಿ ಅಷ್ಟರಲ್ಲಿ ಆರಿಹೋಗುತ್ತದೆ. ಅವಳು ಮಗಳ ತಲೆಯ ಹತ್ತಿರ ಕೂತು, ಬಾಯಿ ತೆರೆದಳು. ಒಂದೇ ಹಾಳೆ, ಒಂದೇ ಒಂದು ಒಂಟೆ, ಯಾರಿಗೆ ಗೊತ್ತಾಗುತ್ತದೆ? ಗಂಟಲಿಗೆ ಗೊತ್ತಾಗುತ್ತದೆ. ಇವತ್ತು ಒಂದು ಹಾಳೆ ಓದಿ ಮುಂದೆ ಜನ್ಮವಿಡೀ ಮೂಕಳಾಗಿ ಕೂರುವುದೇ? ಬಾಯಿ ಮುಚ್ಚಿದಳು. ಆ ರಾತ್ರಿ ಅವಳು ಅತ್ತಳು. ಗಟ್ಟಿಯಾಗಿ ಅಳುವುದಕ್ಕೂ ಅಪ್ಪಣೆಯಿರಲಿಲ್ಲವಲ್ಲ ಎಂದು ಇನ್ನಷ್ಟು ಅಳು ಬಂತು.

ಬೆಳಿಗ್ಗೆ ಮುಖ ತೊಳೆದವಳೇ ಗಂಡನ ಮುಂದೆ ಚೀಟಿ ಹಿಡಿದಳು: ಏನಾದರಾಗಲಿ, ಆಮೆ ಅಂಗಡಿ ಮುಚ್ಚಬಾರದು. ಗಂಡ ಪಾಪದವನು. ಕೆಲಸಕ್ಕೆ ಹೋಗುವ ಮುಂಚೆ ಕೂತು ಪುಸ್ತಕವನ್ನು ಫೋನಿನಲ್ಲಿ ಓದಿಟ್ಟ. ರಾತ್ರಿ ಎಂಟಕ್ಕೆ ಫೋನಿನಿಂದ ಅಪ್ಪನ ದನಿ ಬಂದದ್ದೇ ಬುಗುರಿ ಫೋನನ್ನು ಹಿಂದೆ ಮುಂದೆ ತಿರುಗಿಸಿ ಅಪ್ಪನನ್ನು ಹುಡುಕಿದಳು, ಸಿಗದಿದ್ದಾಗ ಅದನ್ನು ಒತ್ತಿ ಒತ್ತಿ ಬೆಳಕು ಬರಿಸಿದಳು, ಆಮೇಲೆ ಫೋನೇ ಬೇಕೆಂದು ಹಟ ಹಿಡಿದಳು. ಪುಸ್ತಕ ಮಂಚದ ಕೆಳಗೆ ಬಿದ್ದಿತ್ತು. ಗಂಟಲಕ್ಕ ಫೋನು ಕಿತ್ತು ಬೀರುವಿನ ಮೇಲಿಟ್ಟಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ.

ಮನೆಯಲ್ಲಿ ಇನ್ನುಳಿದದ್ದು ಒಂದೇ ಬಾಯಿ. ಐದನೆಯ ರಾತ್ರಿ ಗಂಟಲಕ್ಕ ಅತ್ತೆಯ ತೋಳು ಹಿಡಿದು ಎಳೆದುತಂದು ಮಗುವಿನ ಹಾಸಿಗೆಯ ಮೇಲೆ ಕೂರಿಸಿ, ಪುಸ್ತಕವನ್ನು ಮಡಿಲಲ್ಲಿಟ್ಟಳು.

"ನನಗೇನೇ ಗೊತ್ತು ಇದು? ಅಕ್ಷರ ಅಂದ್ರೆ ನನಗೆ ಇರುವೆ ಸಾಲು."

ಸೊಸೆ ತಟ್ಟೆಗೆ ಎರಡು ಬಡಿದಳು.

"ಎಷ್ಟು ಬಡಿದ್ರೂ ಅಷ್ಟೇ. ಇದ್ದ ಬುದ್ಧೀನ ಈ ವಯಸ್ಸಲ್ಲಿ..."

ಮತ್ತೆ ಎರಡು. ಮತ್ತೆ ಎರಡು. ಗೋಡೆಯಾಚೆ ಗಡಿಯಾರ ರಿಪೇರಿಯವರು ಕೆಮ್ಮಿದರು. ಅತ್ತೆ ಸೊಸೆಯ ಮುಖ ನೋಡಿದಳು. ಬಿಡುವ ಮುಖ ಅದಾಗಿರಲಿಲ್ಲ.

"ಸರಿ ಮಾರಾಯ್ತಿ, ಹೇಳ್ತೀನಿ. ಒಂದು ಆಮೆ ಇತ್ತು. ಬಡಪಾಯಿ. ಅದಕ್ಕೊಬ್ಬಳು ಸೊಸೆ ಇದ್ದಳು, ದಿನಾ ತಟ್ಟೆ ಬಡಿಯೋಳು..."

ಗಂಟಲಕ್ಕನಿಗೆ ಮೈಯೆಲ್ಲ ಉರಿಯಿತು, ನಗುವೂ ಬಂತು. ಎರಡನ್ನೂ ಅವುಡುಗಚ್ಚಿ ತಡೆದಳು. ಗೋಡೆ ಕಡೆ ತಿರುಗಿದ್ದ ಬುಗುರಿ ಅಲುಗಲಿಲ್ಲ. ಅತ್ತೆ ಹಾಳೆ ತಿರುವಿ, ಚಿತ್ರ ನೋಡಿ, ಕತೆ ಹೊಸೆದಳು. "ಒಂದು ಒಂಟೆ ಬಂತಪ್ಪ. 'ಆಮೆಯಮ್ಮ, ಕಾಲುಚೀಲ ಇದೆಯಾ' ಅಂತು. ಮನೆ ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸೋಕಾಗುತ್ತಾ? ಆಮೆ, 'ಓಹೋ, ಇದೆ, ತಗೊಳ್ಳಪ್ಪ' ಅಂತ ನಾಲ್ಕು ಕಾಲುಚೀಲ..."

"ಇಲ್ಲ!"

ಬುಗುರಿ ಎದ್ದು ಕೂತಿದ್ದಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. "ಅಜ್ಜಿ, ಇಲ್ಲ! ಚೀಲ ಇಲ್ಲ!"

"ಇದೆ ಕಣೆ, ಒಳಗೆ ಗಂಟು ಕಟ್ಟಿ ಇಟ್ಟಿದೆ ಆಮೆ."

"ಇಲ್ಲ! ಇಲ್ಲ! ಇಲ್ಲ!" ಮಗು ಪುಸ್ತಕ ಕಿತ್ತುಕೊಂಡು, ಆಮೆಯ ಖಾಲಿ ಕಪಾಟಿನ ಚಿತ್ರಕ್ಕೆ ಬೆರಳಿಟ್ಟು ಕುಟ್ಟಿತು. ಹೀಗೂ ಉಂಟೇ, ಇಷ್ಟು ವಯಸ್ಸಾದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಸಿಟ್ಟು ಆ ಮುಖದ ತುಂಬ. ಆಮೇಲೆ ತಾನೇ ಹಾಳೆ ತಿರುವಿ ಅಜ್ಜಿಗೆ ಪಾಠ ಹೇಳಿತು: ಕೋಳಿ, ಕನ್ನಡಕ, ಇಲ್ಲ. ಆನೆ, ಬಸ್ಸು, ಇಲ್ಲ. ಬ್ರಷ್ಷು ಎನ್ನಲು ಅದಕ್ಕೆ ಬರುತ್ತಿರಲಿಲ್ಲ. ಗಂಟಲಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಅಷ್ಟು ಸಂತೋಷವನ್ನು ಸದ್ದಿಲ್ಲದೆ ತಡೆದುಕೊಳ್ಳುವುದು ಅವಳಿಗೆ ಹೊಸದು.

ಉಳಿದ ಇಪ್ಪತ್ತೈದು ರಾತ್ರಿಯೂ ಅತ್ತೆ ತಪ್ಪು ಹೇಳಿದಳು, ಮಗು ತಿದ್ದಿತು. ಮೀನಿಗೆ ಕೊಡೆ ಕೊಟ್ಟಳು, ಬೈಸಿಕೊಂಡಳು. ಆನೆಗೆ ಹಲ್ಲೇ ಇಲ್ಲವೆಂದಳು, ಪೆಟ್ಟು ತಿಂದಳು. ಬೇಕೆಂದೇ ತಪ್ಪು ಹೇಳುತ್ತಿದ್ದಾಳೆ ಎಂದು ಗಂಟಲಕ್ಕನಿಗೆ ಬೇಗ ಗೊತ್ತಾಯಿತು. ಏಕೆಂದರೆ ಎಂಟು ಗಂಟೆಗೆ ಐದು ನಿಮಿಷ ಮೊದಲೇ ಪುಸ್ತಕ ಹುಡುಕಿ ಧೂಳು ಒರೆಸಿಕೊಂಡು ಕೂರುತ್ತಿದ್ದವಳು ಅತ್ತೆಯೇ. "ನಿನಗೋಸ್ಕರ ಅಲ್ಲ," ಎಂದು ಮಾತ್ರ ದಿನಕ್ಕೊಮ್ಮೆ ಹೇಳುತ್ತಿದ್ದಳು. ಚಮಚ ಮೂಲೆ ಸೇರಿತು.

ಮೂವತ್ತೊಂದನೆಯ ದಿನ ಡಾಕ್ಟರು ಮತ್ತೆ ಕನ್ನಡಿ ಇಳಿಸಿದರು. ಗಂಟು ಕರಗುತ್ತಿದೆ, ಆಪರೇಷನ್ನು ಬೇಡ ಎಂದರು. "ಆದ್ರೆ ಇವತ್ತಿಂದ ದಿನಕ್ಕೆ ಹತ್ತೇ ನಿಮಿಷ ಮಾತು, ಮೆಲ್ಲಗೆ. ಬಸ್ಸಲ್ಲಿ ಕೂಗೋದನ್ನಂತೂ ಇನ್ನು ಮರೆತುಬಿಡಿ." ಗಂಟಲಕ್ಕ ತಲೆಯಾಡಿಸಿ, ಬಾಯಿ ತೆರೆಯದೆ ಎದ್ದು ಬಂದಳು. ಡಿಪೋದ ಅಧಿಕಾರಿ "ಈಗ ಮಾತಾಡಬಹುದಲ್ಲಮ್ಮ, ಹೇಗಿದ್ದೀರಿ?" ಎಂದರೂ ಚೀಟಿಯಲ್ಲೇ ಬರೆದಳು: ಮುಂದಿನ ತಿಂಗಳು ಡ್ಯೂಟಿಗೆ ಬರುತ್ತೇನೆ, ಕೂಗದೆಯೇ ಬಸ್ಸು ತುಂಬಿಸುತ್ತೇನೆ, ನೋಡುತ್ತಿರಿ. ಮರೆತ ಸಾಮಾನಿನ ಗುಮಾಸ್ತ ಒಂದು ಹೊಸ ಪುಸ್ತಕ ಕೊಟ್ಟ. ಮೂರು ತಿಂಗಳ ಹಿಂದೆ ಇವಳೇ ತಂದು ಒಪ್ಪಿಸಿ ಮರೆತದ್ದು. ಅವನಿಗೂ ಕೈಮುಗಿದಳು, ಮಾತಾಡಲಿಲ್ಲ. ಗಂಡ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಒಂದೇ ಒಂದು ಮಾತು ಆಡು, ಕೇಳ್ಕೊಂಡು ಹೋಗ್ತೀನಿ," ಎಂದು ಗೋಗರೆದ. ಅವಳು ನಕ್ಕು ಬಾಗಿಲು ಹಾಕಿದಳು. ಆ ಹತ್ತು ನಿಮಿಷವೂ ಪೂರ್ತಿಯಾಗಿ ಎಂಟು ಗಂಟೆಯ ಓದಿಗೆ ಬೇಕಿತ್ತು.

ಎಂಟಕ್ಕೆ ಗಡಿಯಾರವನ್ನು ಎದುರಿಗಿಟ್ಟುಕೊಂಡು, ಹೊಸ ಪುಸ್ತಕ ತೆರೆದು ಓದತೊಡಗಿದಳು. ಬೆಟ್ಟದ ಮೇಲಿನ ಮನೆಗೆ ಸಾಮಾನು ಸಾಗಿಸುವ ಇಲಿಯ ಕತೆ. ಬಂದದ್ದು ಒರಟಾದ, ಸಣ್ಣ ದನಿ. ಅವಳಿಗೇ ಗುರುತು ಸಿಗಲಿಲ್ಲ. ಬುಗುರಿ ಒಂದು ಕ್ಷಣ ಅಮ್ಮನ ಮುಖ ನೋಡಿ, ಆಮೇಲೆ ತೊಡೆಯೇರಿ, ಕಿವಿಯನ್ನು ಅಮ್ಮನ ಗಲ್ಲಕ್ಕೆ ಒತ್ತಿ ಕೂತಳು. ಅತ್ತೆಯೂ ಹತ್ತಿರ ಸರಿದಳು. ಹೊಸ ಕತೆಯಾದ್ದರಿಂದ ಪ್ರತಿ ಹಾಳೆಗೂ ಮಗು ತಡೆದು ನಿಲ್ಲಿಸಿತು: ಇದೇನು, ಅದ್ಯಾಕೆ, ಇಲಿಗೆ ಟೋಪಿ ಯಾಕೆ. ಗಂಟಲಕ್ಕ ಎಲ್ಲದಕ್ಕೂ ಉತ್ತರ ಕೊಟ್ಟಳು. ಉತ್ತರಕ್ಕೂ ನಿಮಿಷಗಳು ಬೇಕೆಂದು ಅವಳು ಎಣಿಸಿರಲಿಲ್ಲ. ಇಲಿಯ ಗಾಡಿ ಅರ್ಧ ಬೆಟ್ಟ ಹತ್ತಿ, ಚಕ್ರ ಕಲ್ಲಿಗೆ ಸಿಕ್ಕಿ ನಿಂತಿತ್ತು. ಗಡಿಯಾರದ ದೊಡ್ಡ ಮುಳ್ಳು ಎರಡರ ಮೇಲೆ ಬಂದಿತ್ತು, ಹತ್ತು ನಿಮಿಷ ಮುಗಿದಿತ್ತು.

ಅವಳು ಬಾಯಿ ಮುಚ್ಚಿದಳು.

"ಆಮೇಲೆ?" ಎಂದಳು ಬುಗುರಿ.

ಗಂಟಲಕ್ಕ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಮತ್ತೆ ಪುಸ್ತಕ ಗೋಡೆಗೆ ಬೀಳುತ್ತದೆ ಎಂದು ಅವಳು ಹೆದರಿದಳು. ಮುಂದಿನ ಹಾಳೆಗಳಲ್ಲಿ ಏನಿದೆಯೆಂದು ಅತ್ತೆಗೂ ಮಗುವಿಗೂ ಗೊತ್ತಿರಲಿಲ್ಲ.

ಮಗು ಅಮ್ಮನ ಗಂಟಲನ್ನು ನೋಡಿತು. ಪುಸ್ತಕ ನೋಡಿತು. ಆಮೇಲೆ ಎರಡೂ ಕೈಯಲ್ಲಿ ಹಾಳೆ ಹಿಡಿದು ತಾನೇ ತಿರುವಿತು. ಅಲ್ಲೊಂದು ದೊಡ್ಡ ಬಿಳಿ ಮೇಕೆ, ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಗಾಡಿ ಎಳೆಯುತ್ತಿತ್ತು. ಬುಗುರಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಮೇಕೆ ಬಂತು," ಎಂದಳು. "ಮೇಕೆಗೆ ಗಂಟ್ಲು ನೋವು. ಮೇಕೆ ಮಾತಾಡಲ್ಲ." ಬೆರಳನ್ನು ಹಗ್ಗದುದ್ದಕ್ಕೂ ನಿಧಾನವಾಗಿ ಎಳೆದಳು. "ಎಳೀತು. ಎಳೀತು. ಮೇಲೆ ಬಂತು."

ಮತ್ತೆ ಮುಂದಿನ ಹಾಳೆ ತಿರುವಿದಳು.